ಬೆಂಗಳೂರಿನ ವಸಂತಕ್ಕೆ ನೀರೆರೆದವರು

1800ರ ಮೇ ತಿಂಗಳು. ಶ್ರೀರಂಗಪಟ್ಟಣ ಬಿದ್ದು ಆಗಷ್ಟೇ ಒಂದು ವರ್ಷ ಕಳೆದಿತ್ತು. ಗೆದ್ದ ಸೀಮೆಯಲ್ಲಿ ಏನೇನು ಬೆಳೆಯುತ್ತದೆ, ಜನ ಹೇಗೆ ಬದುಕುತ್ತಾರೆ ಎಂಬುದನ್ನು ಕಂಡು ಬರೆಯಲು ಈಸ್ಟ್ ಇಂಡಿಯಾ ಕಂಪನಿ ಕಳುಹಿಸಿದ್ದ ವೈದ್ಯ ಫ್ರಾನ್ಸಿಸ್ ಬುಕನನ್, ಮದ್ರಾಸಿನಿಂದ ಹೊರಟು ಬೆಂಗಳೂರು ತಲುಪಿದ. ಹೈದರಾಲಿಯೂ ಟಿಪ್ಪುವೂ ಮಾಡಿಸಿದ್ದ ತೋಟಗಳನ್ನು ಸುತ್ತಿ ನೋಡಿದ. ಚೌಕ ಚೌಕವಾಗಿ ವಿಂಗಡಿಸಿದ ಮಡಿಗಳು, ನಡುವೆ ಓಡಾಡುವ ದಾರಿಗಳು, ದಾರಿಯ ಎರಡೂ ಬದಿಗೆ ಸೈಪ್ರಸ್ ಮರಗಳು. ಒಂದು ಚೌಕದ ತುಂಬ ಬರೀ ಗುಲಾಬಿ, ಇನ್ನೊಂದರ ತುಂಬ ಬರೀ ದಾಳಿಂಬೆ. ಸೇಬು, ಪೀಚ್ ಗಿಡಗಳು ಕಾಯಿ ಬಿಡುತ್ತಿದ್ದವು. ಆಫ್ರಿಕದ ದಕ್ಷಿಣ ತುದಿಯ ಕೇಪ್‌ನಿಂದ ತರಿಸಿದ್ದ ಓಕ್, ಪೈನ್ ಸಸಿಗಳು ಚೆನ್ನಾಗಿಯೇ ಬೇರೂರಿದ್ದವು.

ಈ ತೋಟಗಳಲ್ಲಿ ಅವನ ಕಣ್ಣಿಗೆ ಬಿದ್ದ ದೊಡ್ಡ ಕೊರತೆ ಒಂದೇ, ನೀರು. ಬೇಸಿಗೆಯಲ್ಲಿ ಪ್ರತಿ ಗಿಡಕ್ಕೂ ಮನುಷ್ಯರೇ ನೀರು ಕೊಡಬೇಕಿತ್ತು. ಟಿಪ್ಪುವಿನ ತೋಟಕ್ಕೆ ಕೆರೆಯ ನೀರು ತಾನಾಗಿ ಹರಿದು ಬರುತ್ತಿತ್ತು. ಹೈದರನ ತೋಟಕ್ಕೆ ಮೂರು ಬಾವಿಗಳೇ ಗತಿ. ಅಲ್ಲಿ ಕಪಿಲೆ ಹೊಡೆಯುತ್ತಿದ್ದರು.

ಕಪಿಲೆ ಕಂಡವರು ಈಗ ಕಡಿಮೆ. ಬಾವಿಯ ಬಾಯಿಗೆ ರಾಟೆ, ರಾಟೆಯ ಮೇಲೆ ದಪ್ಪ ಹಗ್ಗ, ಹಗ್ಗದ ತುದಿಗೆ ತೊಗಲಿನ ಬಾನಿ. ಬಾವಿಯ ದಡದಿಂದ ಆಚೆಗೆ ತೋಡಿದ ಇಳಿಜಾರಿನಲ್ಲಿ ಒಂದು ಜೊತೆ ಎತ್ತು ಕೆಳಗಿಳಿದಂತೆ ತುಂಬಿದ ಬಾನಿ ಮೇಲೇರುತ್ತದೆ, ತೊಟ್ಟಿಗೆ ಸುರಿಯುತ್ತದೆ, ನೀರು ಕಾಲುವೆ ಹಿಡಿದು ಮಡಿ ಸೇರುತ್ತದೆ. ಎತ್ತುಗಳು ಹಿಂದೆ ಹಿಂದೆ ಹೆಜ್ಜೆಯಿಟ್ಟು ಮತ್ತೆ ಮೇಲೇರಬೇಕು. ಅಷ್ಟು ಹೊತ್ತಿಗೆ ಬಾನಿ ಬಾವಿಯೊಳಗೆ ಇಳಿದಿರುತ್ತದೆ. ಬೆಳಗಿನ ಜಾವದಿಂದ ಬಿಸಿಲೇರುವ ತನಕ ಇದೇ ಕೆಲಸ. ಎತ್ತಿನ ಹೆಜ್ಜೆಗೆ ತಕ್ಕಂತೆ ಕಪಿಲೆಯವರು ಪದ ಹೇಳಿಕೊಳ್ಳುತ್ತಿದ್ದರು.

ಬೆಂಗಳೂರಿನ ಹೂವಿನ ಚರಿತ್ರೆಯನ್ನು ಈ ಬಾವಿಯ ದಡದಿಂದ ಶುರು ಮಾಡುವುದು ಸರಿ. ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದ ದಿಣ್ಣೆಯ ಮೇಲೆ ಕೂತ ಈ ಊರಿಗೆ ವರ್ಷವಿಡೀ ಹರಿಯುವ ನದಿ ಹತ್ತಿರದಲ್ಲಿಲ್ಲ. ಇಲ್ಲಿ ವಸಂತ ಬರುವುದೇ ಮಳೆಯಿಲ್ಲದ ತಿಂಗಳುಗಳಲ್ಲಿ. ಜನವರಿಯಿಂದ ಮಾರ್ಚ್‌ವರೆಗೆ ಆಕಾಶ ಬರಿದು. ಅಶ್ವಿನಿ, ಭರಣಿ ಮಳೆ ಬೀಳುವುದು ಯುಗಾದಿ ಕಳೆದ ಮೇಲೆ. ಗಿಡ ಚಿಗುರಿ, ಮೊಗ್ಗು ಕಚ್ಚಿ, ಅರಳುವ ಹೊತ್ತಿಗೆ ನೆಲ ಬಿರುಕು ಬಿಟ್ಟಿರುತ್ತದೆ. ಎಳೆಯ ಗಿಡ ಆ ತಿಂಗಳುಗಳನ್ನು ದಾಟಬೇಕಾದರೆ ಯಾರೋ ಒಬ್ಬರು ದಿನವೂ ನೀರು ಹೊತ್ತಿರಬೇಕು. ಫೆಬ್ರವರಿ, ಮಾರ್ಚ್‌ನಲ್ಲಿ ಊರೆಲ್ಲ ತಲೆಯೆತ್ತಿ ನೋಡುವ ಹೂಮರಗಳ ಹಿಂದೆ ಸುಮಾರು 260 ವರ್ಷಗಳ ಇಂಥ ದುಡಿಮೆಯಿದೆ. ಅದರಲ್ಲಿ ಅರಸರ, ಅಧಿಕಾರಿಗಳ ಪಾಲು ದಾಖಲೆಯಲ್ಲಿದೆ. ಕೆರೆಯಂಚಿನ ತೋಟಿಗರ, ಹಿತ್ತಲಲ್ಲಿ ಬಿಂದಿಗೆ ಹಿಡಿದ ಹೆಂಗಸರ ಪಾಲು ಹೆಚ್ಚಾಗಿ ದಾಖಲೆಯ ಹೊರಗೇ ಉಳಿದಿದೆ.

ಹೈದರಾಲಿ 1760ರಲ್ಲಿ ಲಾಲ್‌ಬಾಗ್‌ಗೆ ಕೈಹಾಕಿದಾಗ ಅವನ ಕಣ್ಣ ಮುಂದೆ ಇದ್ದದ್ದು ಸಿರಾದ ಮೊಗಲ್ ಕಾಲದ ತೋಟಗಳು. ಸುಮಾರು 40 ಎಕರೆಯಿಂದ ಶುರುವಾದ ಈ ತೋಟವನ್ನು ಟಿಪ್ಪು ಬೆಳೆಸಿದ. ಟಿಪ್ಪುವಿಗೆ ಗಿಡಗಳ ಹುಚ್ಚು ಎಷ್ಟಿತ್ತೆಂದರೆ, 1788ರಲ್ಲಿ ಫ್ರಾನ್ಸಿನ ದೊರೆ 16ನೇ ಲೂಯಿಯ ಆಸ್ಥಾನಕ್ಕೆ ಹೋದ ಅವನ ರಾಯಭಾರಿಗಳು ಯುದ್ಧದ ಮಾತಿನ ಜೊತೆಗೆ ಬೀಜ, ಸಸಿಗಳನ್ನೂ ಕೇಳಿದ್ದರು. ಎರಡು ಯುದ್ಧಗಳ ನಡುವಿನ ಬಿಡುವಿನಲ್ಲಿ ಹೂವಿನ ಬೀಜ ಕೇಳಿ ಸಮುದ್ರದಾಚೆಗೆ ಹೇಳಿ ಕಳುಹಿಸಿದ ಅರಸನ ಈ ಮುಖ ಇನ್ನೂ ಹೆಚ್ಚು ಜನರಿಗೆ ಗೊತ್ತಾಗಬೇಕು.

ಲಾಲ್‌ಬಾಗ್‌ಗಿಂತ ಹಳೆಯದು ಕೆರೆಯಂಚಿನ ತೋಟ. ಧರ್ಮಾಂಬುಧಿ, ಕೆಂಪಾಂಬುಧಿ, ಸಂಪಂಗಿ ಕೆರೆಗಳ ಸುತ್ತಮುತ್ತ ಸೊಪ್ಪು, ತರಕಾರಿ, ಹೂವು ಬೆಳೆದು ಪೇಟೆಗೆ ಹೊತ್ತು ತರುತ್ತಿದ್ದವರು ತಿಗಳರು. ವಹ್ನಿಕುಲ ಕ್ಷತ್ರಿಯರೆಂದು ಹೇಳಿಕೊಳ್ಳುವ ಈ ಸಮುದಾಯ ಊರಿನ ಅನ್ನಕ್ಕೂ ಪೂಜೆಗೂ ಬೇಕಾದದ್ದನ್ನು ತಲೆಮಾರುಗಳ ಕಾಲ ಬೆಳೆದುಕೊಟ್ಟಿತು. ಚಿಕ್ಕ ಚಿಕ್ಕ ಮಡಿ, ಒಂದರ ಪಕ್ಕ ಒಂದು ಬೆಳೆ, ಕೊಯ್ದ ಜಾಗದಲ್ಲಿ ಮರುದಿನವೇ ಮತ್ತೊಂದು ಬಿತ್ತನೆ. ದಂಟು, ಮೆಂತ್ಯ, ಕೊತ್ತಂಬರಿಯ ಪಕ್ಕದಲ್ಲೇ ಕನಕಾಂಬರ, ಮಲ್ಲಿಗೆ, ಸೇವಂತಿಗೆ. ತೋಟಗಾರಿಕೆಯ ಇಲಾಖೆ, ಪದವಿ, ಸಂಶೋಧನಾ ಕೇಂದ್ರಗಳೆಲ್ಲ ಹುಟ್ಟುವ ಮೊದಲೇ ಈ ನೆಲದ ಗುಣವನ್ನೂ ನೀರಿನ ಹದವನ್ನೂ ಬಲ್ಲವರು ಇವರು.

ಇವರ ದೊಡ್ಡ ಹಬ್ಬ ಚೈತ್ರದಲ್ಲಿ ಬರುತ್ತದೆ. ತಿಗಳರಪೇಟೆಯ ಧರ್ಮರಾಯನ ಗುಡಿಯಲ್ಲಿ ಧ್ವಜಾರೋಹಣವಾದ ಮೇಲೆ ದಿನಕ್ಕೊಂದು ವಿಧಿ ನಡೆಯುತ್ತ ಚೈತ್ರ ಹುಣ್ಣಿಮೆಯ ರಾತ್ರಿ ಕರಗ ಹೊರಡುತ್ತದೆ. ದ್ರೌಪದಿಯನ್ನು ಮೈಮೇಲೆ ಧರಿಸಿದ ಪೂಜಾರಿ ಹೆಣ್ಣಿನ ಉಡುಗೆಯಲ್ಲಿ, ಕೈಯಿಂದ ಮುಟ್ಟದೆ ಹೊತ್ತು ನಡೆಯುವ ಕರಗ ಮಲ್ಲಿಗೆಯಲ್ಲಿ ಮುಳುಗಿರುತ್ತದೆ. ಸುತ್ತ ಬರಿಗತ್ತಿ ಹಿಡಿದ ವೀರಕುಮಾರರು. ಮೆರವಣಿಗೆ ತವಕ್ಕಲ್ ಮಸ್ತಾನ್ ದರ್ಗಾಕ್ಕೂ ಹೋಗಿ ಬರುತ್ತದೆ. ಮಲ್ಲಿಗೆ ಮೈದುಂಬಿ ಬಿಡುವ ಕಾಲವೂ ಇದೇ. ಹೂವಾಡಿಗರ ಹಬ್ಬ ಹೂವಿನ ಸುಗ್ಗಿಯಲ್ಲೇ ನಡೆಯುವುದರಿಂದ ಆ ರಾತ್ರಿ ಪೇಟೆಯ ಬೀದಿಗಳಲ್ಲಿ ಎಷ್ಟು ಮಲ್ಲಿಗೆ ಎರಚಿದರೂ ಕಡಿಮೆಯೆನಿಸುವುದಿಲ್ಲ. ಹಸಿ ಕರಗದ ವಿಧಿಗೆ ಬೇಕಾದ ಸಂಪಂಗಿ ಕೆರೆಯ ಬಹುಭಾಗ ಕಂಠೀರವ ಕ್ರೀಡಾಂಗಣವಾಗಿದೆ. ಉಳಿದ ಸಣ್ಣ ಹೊಂಡದ ಬಳಿಯೇ ವಿಧಿ ಸಾಗುತ್ತಿದೆ.

ಟಿಪ್ಪುವಿನ ನಂತರ ಲಾಲ್‌ಬಾಗ್ ಕೈಯಿಂದ ಕೈಗೆ ದಾಟಿತು. ಕೆಲಕಾಲ ಮೇಜರ್ ಗಿಲ್ಬರ್ಟ್ ವಾ ನೋಡಿಕೊಂಡ, ಕೆಲಕಾಲ ಕಲ್ಕತ್ತೆಯ ಸಸ್ಯೋದ್ಯಾನದ ಮೇಲ್ವಿಚಾರಣೆಗೆ ಸೇರಿತು, ಮತ್ತೆ ಕೆಲಕಾಲ ಕೃಷಿ ತೋಟಗಾರಿಕಾ ಸಂಘವೊಂದು ನಡೆಸಿತು. 1856ರಲ್ಲಿ ಅದು ಸರ್ಕಾರಿ ಸಸ್ಯೋದ್ಯಾನವಾದ ಮೇಲೆ ಸ್ಥಿರತೆ ಬಂತು. ಲಂಡನ್ನಿನ ಕ್ಯೂ ಉದ್ಯಾನದಲ್ಲಿ ಪಳಗಿದ ವಿಲಿಯಂ ನ್ಯೂ 1858ರಲ್ಲಿ ಬಂದ. 1874ರಲ್ಲಿ ಬಂದ ಜಾನ್ ಕ್ಯಾಮರನ್ 1908ರವರೆಗೆ, ಅಂದರೆ 34 ವರ್ಷ ಇಲ್ಲೇ ನಿಂತ. ಅವನು ಬಂದಾಗ 45 ಎಕರೆಯಿದ್ದ ಲಾಲ್‌ಬಾಗ್ ಕೆಂಪೇಗೌಡನ ಗೋಪುರವಿರುವ ಹೆಬ್ಬಂಡೆಯನ್ನೂ ಒಳಗೆ ಸೇರಿಸಿಕೊಂಡು ಹಲವು ಪಟ್ಟು ಹಿಗ್ಗಿತು. ಇಂದು ಅದರ ವಿಸ್ತೀರ್ಣ 240 ಎಕರೆ. 1889ರ ನವೆಂಬರ್ 30ರಂದು ರಾಜಕುಮಾರ ಆಲ್ಬರ್ಟ್ ವಿಕ್ಟರ್ ಅಡಿಗಲ್ಲು ಹಾಕಿದ ಗಾಜಿನ ಮನೆ ಎದ್ದು ನಿಂತದ್ದು ಕ್ಯಾಮರನ್ ಕಾಲದಲ್ಲೇ.

ಗಾಜಿನ ಮನೆಗಿಂತ ಹೆಚ್ಚಾಗಿ ಕ್ಯಾಮರನ್ ನಮ್ಮ ಅಡುಗೆಮನೆಗಳಲ್ಲಿ ಉಳಿದುಕೊಂಡಿದ್ದಾನೆ. ಮೆಕ್ಸಿಕೊ ಕಡೆಯ ಸೀಮೆಬದನೆ ಬಳ್ಳಿಯನ್ನು ಈ ಸೀಮೆಯಲ್ಲಿ ಹಬ್ಬಿಸಿದವನು ಅವನು. ಹೊಸ ಗಿಡವನ್ನು ತರಿಸಿ, ಲಾಲ್‌ಬಾಗ್‌ನಲ್ಲಿ ಬೆಳೆದು ನೋಡಿ, ಹೊಂದಿಕೊಂಡರೆ ಸಸಿಯನ್ನೋ ಬೀಜವನ್ನೋ ಹಂಚುವುದು ಆ ಕಾಲದ ಕ್ರಮ. ಹಾಗೆ ಹೊರಬಿದ್ದ ಗಿಡ ದಂಡುಪ್ರದೇಶದ ಬಂಗಲೆಯ ಕೈತೋಟಕ್ಕೆ ಹೋಗಿ, ಅಲ್ಲಿನ ಮಾಲಿಯ ಕೈಯಿಂದ ಅವನ ಮನೆಯಂಗಳಕ್ಕೆ ಬಂದು, ಅಲ್ಲಿಂದ ಸಂತೆಗೆ ಇಳಿಯುತ್ತಿತ್ತು. ಬೀನ್ಸ್, ಹೂಕೋಸು, ಆಲೂಗಡ್ಡೆಯಂಥ ತರಕಾರಿಗಳು ಬೆಂಗಳೂರಿನ ಸುತ್ತಲ ಹಳ್ಳಿಗಳಲ್ಲಿ ಬೇರೂರಿದ್ದಕ್ಕೆ ದಂಡಿನವರ ಊಟದ ಬೇಡಿಕೆಯೇ ಮುಖ್ಯ ಕಾರಣ.

ಇಷ್ಟಾದರೂ ಸಾಮಾನ್ಯರ ಮನೆಯಂಗಳಕ್ಕೆ ಹೂದೋಟ ಬರಲು ಇನ್ನೆರಡು ಸಂಗತಿಗಳು ನಡೆಯಬೇಕಾಯಿತು. ಒಂದು ನಲ್ಲಿಯ ನೀರು, ಇನ್ನೊಂದು ಪ್ಲೇಗು.

ಅರ್ಕಾವತಿಯ ಹೆಸರಘಟ್ಟ ಕೆರೆಯಿಂದ ಕೊಳವೆಯ ಮೂಲಕ ನೀರು ಬೆಂಗಳೂರಿಗೆ ಹರಿದದ್ದು 1896ರಲ್ಲಿ, ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ. ಅದಕ್ಕೂ ಮೊದಲು ಪೇಟೆಯ ಮನೆಗಳು ಬಾವಿ, ಕೆರೆಗಳನ್ನೇ ನಂಬಿದ್ದವು. 1898ರಲ್ಲಿ ಪ್ಲೇಗು ಬಡಿದು ಕಿಕ್ಕಿರಿದ ಪೇಟೆಯಲ್ಲಿ ಸಾವಿರಾರು ಜನ ಸತ್ತರು. ಮೊದಲೇ ಯೋಜನೆಯಲ್ಲಿದ್ದ ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳಿಗೆ ಆಗ ಜನ ಹರಿದು ಬಂದರು. ಗಾಳಿ ಬೆಳಕು ಆಡಬೇಕು, ಮನೆಯಿಂದ ಮನೆಗೆ ಅಂತರವಿರಬೇಕು ಎಂಬ ಆರೋಗ್ಯದ ಲೆಕ್ಕದಲ್ಲಿ ಹಾಕಿದ ಬಡಾವಣೆಗಳು ಅವು. ಆ ಅಂತರವೇ ಮುಂದೆ ತೋಟವಾಯಿತು. ಮನೆಯ ಮುಂದೆ ಅಂಗಳ, ಹಿಂದೆ ಹಿತ್ತಲು, ಸುತ್ತ ಕಾಂಪೌಂಡು, ಬೀದಿಯಲ್ಲಿ ಸಾಲುಮರ. ಮಲ್ಲೇಶ್ವರದ ಎರಡು ಮುಖ್ಯ ಬೀದಿಗಳು ಇಂದಿಗೂ ಸಂಪಿಗೆ ರಸ್ತೆ, ಮಾರ್ಗೋಸಾ ರಸ್ತೆ. ಒಂದಕ್ಕೆ ಸಂಪಿಗೆಯ ಹೆಸರು, ಇನ್ನೊಂದಕ್ಕೆ ಬೇವಿನದು.

ಹಿತ್ತಲಿನ ತೋಟಕ್ಕೆ ಯಾರೂ ನಕ್ಷೆ ಬರೆಯಲಿಲ್ಲ. ವರ್ಷಕ್ಕೊಂದು ಗಿಡದಂತೆ ಅದು ತಾನಾಗಿ ತುಂಬುತ್ತ ಹೋಯಿತು. ಗೃಹಪ್ರವೇಶದ ವರ್ಷ ತುಳಸಿಕಟ್ಟೆ, ಎರಡು ತೆಂಗು. ಮರುವರ್ಷ ಪಕ್ಕದ ಮನೆಯಿಂದ ತಂದ ದಾಸವಾಳದ ಕಡ್ಡಿ. ತವರಿನಿಂದ ಒದ್ದೆ ಬಟ್ಟೆಯಲ್ಲಿ ಸುತ್ತಿ ತಂದ ಮಲ್ಲಿಗೆಯ ಬೇರು. ಯಾರೋ ತಿಂದು ಎಸೆದ ಬೀಜದಿಂದ ಎದ್ದ ಸೀಬೆ. ಬಚ್ಚಲ ನೀರು ಹರಿದು ಹೋಗುವ ಕಡೆ ಬಾಳೆ ಮತ್ತು ಕೆಸುವು, ಬಾವಿಕಟ್ಟೆಯ ತಂಪಿನಲ್ಲಿ ಒಂದೆಲಗ, ಗೋಡೆಯ ಬುಡದಲ್ಲಿ ದೊಡ್ಡಪತ್ರೆ, ಮೂಲೆಯಲ್ಲಿ ಕರಿಬೇವು. ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆ ಎಲ್ಲರ ಬಾಯಲ್ಲಿದ್ದರೂ ಮಗುವಿಗೆ ನೆಗಡಿಯಾದರೆ ಕೈ ಹೋಗುತ್ತಿದ್ದದ್ದು ದೊಡ್ಡಪತ್ರೆಗೇ. ಹಂಡೆಯ ಬಿಸಿನೀರಲ್ಲಿ ಮನೆಮಂದಿಯೆಲ್ಲ ಮಿಂದರೆ ಬಾಳೆಗೂ ಅಂದು ಹೊಟ್ಟೆ ತುಂಬ ನೀರು. ಸೀಗೆಪುಡಿ, ಕಡಲೆಹಿಟ್ಟು ಕಲೆತ ಆ ನೀರು ಗಿಡಕ್ಕೆ ಕೇಡು ಮಾಡುತ್ತಿರಲಿಲ್ಲ.

ಈ ಹಿತ್ತಲಿಗೆ ತನ್ನದೇ ಪಂಚಾಂಗವಿತ್ತು. ಮಲ್ಲಿಗೆಯನ್ನೇ ನೋಡಿ. ಕಾರ್ತಿಕ ಕಳೆದು ಚಳಿ ಹಿಡಿದ ಮೇಲೆ ಪೊದೆಗೆ ನೀರು ಕಡಿಮೆ ಮಾಡುತ್ತಾರೆ. ಎಲೆ ಉದುರಿ ಗಿಡ ಬಡವಾದಂತೆ ಕಾಣುವಾಗ ಒಣರೆಂಬೆ, ಹಳೆಯ ರೆಂಬೆಗಳನ್ನು ಸವರುತ್ತಾರೆ. ಬುಡ ಬಿಡಿಸಿ, ನಾಲ್ಕು ದಿನ ಬಿಸಿಲು ತಾಗಿಸಿ, ಕೊಟ್ಟಿಗೆ ಗೊಬ್ಬರ ತುಂಬಿ ಆಮೇಲೆ ನೀರು ಹಾಯಿಸಿದರೆ ಹೊಸ ಚಿಗುರಿನ ತುದಿಯಲ್ಲಿ ಮೊಗ್ಗು ಮೂಡುತ್ತದೆ. ಮಾಘ ಮುಗಿಯುವಷ್ಟರಲ್ಲಿ ದಿನಕ್ಕೆ ಒಂದು ಬೊಗಸೆ, ಚೈತ್ರದಲ್ಲಿ ಬುಟ್ಟಿಗಟ್ಟಲೆ. ಕತ್ತರಿ ಹಾಕಲು ಮನಸ್ಸು ಬಾರದೆ ಹಾಗೇ ಬಿಟ್ಟವರ ಮನೆಯಲ್ಲಿ ಪೊದೆ ಹಸಿರಾಗಿರುತ್ತದೆ, ಹೂವು ಕಡಿಮೆ.

ಸಂಜೆ ನಾಲ್ಕರ ಬಿಸಿಲಿಗೆ ಬಿರಿಯದ ಮೊಗ್ಗು ಬಿಡಿಸಿ, ನೆನೆಸಿದ ಬಾಳೆನಾರು ಹಿಡಿದು ಜಗಲಿಯ ಮೇಲೆ ಕೂತರೆ ಬೀದಿಯ ಸುದ್ದಿಯೆಲ್ಲ ಅಲ್ಲೇ ಬಂದು ಸೇರುತ್ತಿತ್ತು. ಎರಡು ಮೊಗ್ಗು ಆಚೆ, ಎರಡು ಈಚೆ, ನಡುವೆ ನಾರಿನ ಒಂದು ಸುತ್ತು, ಹೆಬ್ಬೆರಳಿನಿಂದ ಒಂದು ಜಗ್ಗು. ಕಣ್ಣು ಹೂವಿನ ಮೇಲೆ ಇರಬೇಕಾಗಿಯೇ ಇರಲಿಲ್ಲ. ದೇವರಿಗೆ ಒಂದು ಮಾರು, ಮನೆಯ ಹೆಣ್ಣುಮಕ್ಕಳ ಜಡೆಗೆ ಒಂದೊಂದು ಮೊಳ, ಉಳಿದದ್ದು ಎದುರುಮನೆಗೆ. ಹಿತ್ತಲಿಲ್ಲದ ಮನೆಗೆ ಹೂವಾಡಗಿತ್ತಿ ಬುಟ್ಟಿ ಹೊತ್ತು ಬರುತ್ತಿದ್ದಳು. ಮೊಣಕೈಯಿಂದ ನಡುಬೆರಳ ತುದಿಯವರೆಗೆ ಅಳೆದು ಕೊಡುವ ಅವಳ ಮೊಳದ ಉದ್ದಕ್ಕೂ ಕೊಳ್ಳುವವಳ ಮೊಳದ ಉದ್ದಕ್ಕೂ ದಿನವೂ ಚೌಕಾಸಿ.

ಯುಗಾದಿಯ ಬೆಳಿಗ್ಗೆ ಮಾವಿನ ಸೊಪ್ಪಿಗೂ ಬೇವಿನ ಹೂವಿಗೂ ಕೊಕ್ಕೆ ಕಟ್ಟಿದ ಗಳ ಹಿಡಿದು ಹುಡುಗರು ಹೊರಡುತ್ತಿದ್ದರು. ಬೇವಿನ ಮರವಿದ್ದ ಮನೆಯವರು ಅಂದು ಯಾರಿಗೂ ಇಲ್ಲವೆನ್ನುತ್ತಿರಲಿಲ್ಲ. ಉಳಿದ ಹೂವನ್ನು ನೆರಳಲ್ಲಿ ಒಣಗಿಸಿ ಡಬ್ಬಿಯಲ್ಲಿಟ್ಟರೆ ವರ್ಷವಿಡೀ ತುಪ್ಪದಲ್ಲಿ ಹುರಿದು ಗೊಜ್ಜಿಗೆ ಹಾಕಬಹುದು. ರಾಮನವಮಿಯ ಪಾನಕಕ್ಕೆ ಹಿತ್ತಲ ನಿಂಬೆ, ಕೋಸಂಬರಿಗೆ ಹಿತ್ತಲ ಕೊತ್ತಂಬರಿ. ಬೀದಿಯ ಹೊಂಗೆಗಳು ಇದೇ ಹೊತ್ತಿಗೆ ಹಳೆಯ ಎಲೆ ಉದುರಿಸಿ ಒಂದೆರಡು ವಾರದಲ್ಲೇ ಎಳೆಹಸಿರು ಹೊದ್ದು ನಿಲ್ಲುತ್ತವೆ. ಬಿಸಿಲು ಏರುತ್ತಿರುವಾಗಲೇ ನೆರಳು ದಟ್ಟವಾಗುವ ಮರ ಅದು. ಹಳಬರು ಮನೆಯ ಮುಂದೆ ಹೊಂಗೆ ನೆಟ್ಟದ್ದು ಈ ಗುಣ ಬಲ್ಲ ಕಾರಣಕ್ಕೇ.

ಬೀದಿಗೆ ನೆರಳಿನ ಜೊತೆಗೆ ಬಣ್ಣವೂ ಬೇಕೆಂದು ಹಟ ಹಿಡಿದು ಕೆಲಸ ಮಾಡಿದವನು ಗುಸ್ತಾವ್ ಹರ್ಮನ್ ಕೃಂಬಿಗಲ್. ಜರ್ಮನಿಯ ಡ್ರೆಸ್ಡನ್ ಬಳಿಯ ಲೋಮೆನ್‌ನಲ್ಲಿ 1865ರಲ್ಲಿ ಹುಟ್ಟಿದವನು. ಲಂಡನ್ನಿನ ಹೈಡ್ ಪಾರ್ಕ್‌ನಲ್ಲಿ ಹೂಮಡಿ ಮಾಡಿ, ಕ್ಯೂ ಉದ್ಯಾನದಲ್ಲಿ ದುಡಿದು, 1893ರಲ್ಲಿ ಬರೋಡದ ಮಹಾರಾಜರ ತೋಟಗಳಿಗೆ ಬಂದ. ಅಲ್ಲಿಂದ ಅವನನ್ನು 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಕರೆಸಿಕೊಂಡವರು ನಾಲ್ವಡಿ ಕೃಷ್ಣರಾಜ ಒಡೆಯರ್. ಕ್ಯಾಮರನ್ ಬಿಟ್ಟ ಜಾಗಕ್ಕೆ ಬಂದ ಕೃಂಬಿಗಲ್ 1932ರವರೆಗೆ ಲಾಲ್‌ಬಾಗ್ ನೋಡಿಕೊಂಡ.

ಅವನ ಯೋಚನೆ ಸರಳ. ಆದರೆ ಅದರ ಫಲ ಕಾಣಲು ಮೂವತ್ತು ನಲವತ್ತು ವರ್ಷ ಬೇಕು. ಒಂದು ಬೀದಿಗೆ ಒಂದೇ ಜಾತಿಯ ಮರ. ಆ ಬೀದಿಯ ಹೂವು ಮುಗಿಯುವ ಹೊತ್ತಿಗೆ ಇನ್ನೊಂದು ಬೀದಿಯ ಮರ ಅರಳಬೇಕು. ಹೀಗೆ ಸರದಿಯಂತೆ ವರ್ಷವಿಡೀ ಊರಿನ ಒಂದಲ್ಲ ಒಂದು ಕಡೆ ಹೂವಿರಬೇಕು. ಇದಕ್ಕಾಗಿ ಅವನು ದೇಶದ ಮರಗಳ ಜೊತೆ ಹೊರಗಿನ ಮರಗಳನ್ನೂ ಆರಿಸಿದ. ಮಡಗಾಸ್ಕರಿನ ಗುಲ್‌ಮೊಹರ್, ದಕ್ಷಿಣ ಅಮೆರಿಕದ ಜಕರಂಡ, ಆಫ್ರಿಕದ ನೀರುಕಾಯಿ ಮರ, ಅಮೆರಿಕದ ಉಷ್ಣವಲಯದ ಮಳೆಮರ, ತಬೂಬಿಯಾ. ಇಂದಿನ ಬೆಂಗಳೂರಿನಲ್ಲಿ ವಸಂತ ಈ ಸರದಿಯಲ್ಲೇ ನಡೆಯುತ್ತದೆ. ಫೆಬ್ರವರಿಯಲ್ಲಿ ಹಳದಿ ತಬೂಬಿಯಾ, ಬೆನ್ನಿಗೇ ನಸುಗೆಂಪು ತಬೂಬಿಯಾ, ಮಾರ್ಚ್‌ನಲ್ಲಿ ನೇರಳೆ ಜಕರಂಡ, ಹೊಂಗೆಯ ಹೂವು, ಏಪ್ರಿಲ್‌ನಲ್ಲಿ ಕಕ್ಕೆಯ ಬಂಗಾರದ ಗೊಂಚಲು, ಹೊಳೆದಾಸವಾಳ, ಮೇ ಹೊತ್ತಿಗೆ ಊರೆಲ್ಲ ಕೆಂಪು ಗುಲ್‌ಮೊಹರ್.

ತಬೂಬಿಯಾ ಅರಳುವ ಬಗೆಯನ್ನು ಹತ್ತಿರದಿಂದ ನೋಡಬೇಕು. ಒಣಗಾಳಿ ಬೀಸಿದಂತೆ ಮರ ಎಲೆಯನ್ನೆಲ್ಲ ಕಳಚಿ ಸತ್ತಂತೆ ನಿಲ್ಲುತ್ತದೆ. ಒಂದು ಬೆಳಿಗ್ಗೆ ಬರಿಯ ಕೊಂಬೆಗಳ ತುದಿಯಲ್ಲಿ ಗೊಂಚಲು ಗೊಂಚಲು ಹೂವು. ಎಲೆಯ ಮರೆಯಿಲ್ಲದ ಕಾರಣ ದುಂಬಿಗೆ ದೂರದಿಂದಲೇ ಕಾಣುತ್ತದೆ, ಬಸ್ಸಿನಲ್ಲಿ ಕೂತವರಿಗೂ ಕಾಣುತ್ತದೆ. ಹೂವು ಬಾಡುವ ಮೊದಲೇ ತುತ್ತೂರಿಯ ಆಕಾರ ಕೆಡದಂತೆ ಕಳಚಿ ಬೀಳುವುದರಿಂದ ಕೆಲವು ದಿನ ಮರದ ಮೇಲೂ ಮರದ ಕೆಳಗೂ ಒಂದೇ ಬಣ್ಣ.

ಕೃಂಬಿಗಲ್ ಬೀದಿಯನ್ನಷ್ಟೇ ನೋಡಲಿಲ್ಲ. 1912ರಲ್ಲಿ ಅವನ ಮುಂದಾಳ್ತನದಲ್ಲಿ ಮೈಸೂರು ಉದ್ಯಾನಕಲಾ ಸಂಘ ಹುಟ್ಟಿತು. ಲಾಲ್‌ಬಾಗ್‌ನ ಫಲಪುಷ್ಪ ಪ್ರದರ್ಶನಗಳ ಪರಂಪರೆ ಬೆಳೆದದ್ದು ಈ ಸಂಘದಿಂದ. ಮನೆಯ ಕೈತೋಟಗಳ ಸ್ಪರ್ಧೆ, ಕುಂಡದ ಗಿಡಗಳ ಪ್ರದರ್ಶನ, ಬಹುಮಾನ ಇವೆಲ್ಲ ಮಧ್ಯಮ ವರ್ಗದ ಮನೆಗಳಿಗೆ ತೋಟದ ಹುರುಪು ತಂದವು. ಗಾಜಿನ ಮನೆಯಲ್ಲಿ ಕಂಡ ಡೇಲಿಯಾ ತಮ್ಮ ಅಂಗಳದಲ್ಲೂ ಅರಳಬೇಕೆಂದು ಜನ ನರ್ಸರಿ ಹುಡುಕಿಕೊಂಡು ಹೊರಟರು. ಸಿದ್ದಾಪುರದ ಕಡೆಯ ನರ್ಸರಿಗಳು ಬೆಳೆದದ್ದು ಇಂಥ ಗಿರಾಕಿಗಳನ್ನು ನೆಚ್ಚಿ. 1926ರಿಂದ 1941ರವರೆಗೆ ದಿವಾನರಾಗಿದ್ದ ಮಿರ್ಜಾ ಇಸ್ಮಾಯಿಲ್ ಅವರಂತೂ ಮುಂಜಾನೆಯೇ ಹೊರಟು ಬೀದಿ, ಪಾರ್ಕುಗಳನ್ನು ಖುದ್ದು ನೋಡಿ ಬರುತ್ತಿದ್ದರು. ಕನ್ನಂಬಾಡಿ ಕಟ್ಟೆಯ ಕೆಳಗಿನ ಬೃಂದಾವನ ಉದ್ಯಾನ ರೂಪುಗೊಂಡದ್ದು ಅವರ ಆಸೆಯಿಂದ.

ಬ್ರಿಟಿಷ್ ಇಂಡಿಯಾದಲ್ಲಿ ಜರ್ಮನ್ ಆಗಿದ್ದ ತಪ್ಪಿಗೆ ಕೃಂಬಿಗಲ್ ಯುದ್ಧಕಾಲದಲ್ಲಿ ಸೆರೆಯನ್ನೂ ಅನುಭವಿಸಬೇಕಾಯಿತು. ಆದರೂ ಊರು ಬಿಡಲಿಲ್ಲ. 1956ರ ಫೆಬ್ರವರಿಯಲ್ಲಿ, 90 ದಾಟಿದ ಮೇಲೆ, ಬೆಂಗಳೂರಿನಲ್ಲೇ ತೀರಿಕೊಂಡ. ಹೊಸೂರು ರಸ್ತೆಯ ಸ್ಮಶಾನದಲ್ಲಿ ಅವನ ಸಮಾಧಿಯಿದೆ, ಲಾಲ್‌ಬಾಗ್ ಪಕ್ಕದ ಒಂದು ರಸ್ತೆಗೆ ಅವನ ಹೆಸರಿದೆ.

ಮುಂದಿನ ಹೊಣೆ ನಮ್ಮವರದೇ ಆಯಿತು. 1932ರಲ್ಲಿ ಕೃಂಬಿಗಲ್ ಜಾಗಕ್ಕೆ ಬಂದ ಎಚ್.ಸಿ. ಜವರಾಯ ಲಾಲ್‌ಬಾಗ್‌ನ ಚುಕ್ಕಾಣಿ ಹಿಡಿದ ಮೊದಲ ಭಾರತೀಯರು. ಅವರ ನಂತರದ ದೊಡ್ಡ ಹೆಸರು ಎಂ.ಎಚ್. ಮರಿಗೌಡ. ಕ್ಯೂ, ಹಾರ್ವರ್ಡ್‌ಗಳಲ್ಲಿ ಕಲಿತು ಬಂದ ಅವರು ಲಾಲ್‌ಬಾಗ್‌ನ ವಿದ್ಯೆಯನ್ನು ಊರ ಹೊರಗೆ ಕೊಂಡೊಯ್ದರು. ರಾಜ್ಯದ ತಾಲ್ಲೂಕುಗಳಲ್ಲಿ ತೋಟಗಾರಿಕಾ ಕ್ಷೇತ್ರಗಳನ್ನು ತೆರೆದು, ರೈತರಿಗೆ ಒಳ್ಳೆಯ ಕಸಿಗಿಡ ಕೈಗೆಟುಕುವಂತೆ ಮಾಡಿದರು. 1959ರಲ್ಲಿ ದ್ರಾಕ್ಷಿ ಬೆಳೆಗಾರರ ಸಹಕಾರ ಸಂಘವಾಗಿ ಹುಟ್ಟಿದ್ದೇ ಮುಂದೆ ಹಾಪ್‌ಕಾಮ್ಸ್ ಆಗಿ ಬೀದಿ ಬೀದಿಯಲ್ಲಿ ಹಸಿರು ಮಳಿಗೆಗಳನ್ನು ಇಟ್ಟಿತು. ಹೊಲದಲ್ಲಿ ರಾಗಿ ಬಿಟ್ಟರೆ ಬೇರೆ ಕಾಣದಿದ್ದ ಎಷ್ಟೋ ಕುಟುಂಬಗಳಿಗೆ ಮಾವು, ಸೀಬೆ, ಸಪೋಟದ ವರಮಾನ ಬಂದದ್ದು ಈ ಕೆಲಸದಿಂದ.

ಊರು ಬೆಳೆದಂತೆ ಹಳೆಯ ಸಾಲುಮರಗಳು ಕೊಡಲಿಗೆ ಬಿದ್ದವು. 1976ರಲ್ಲಿ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ಬಂತು. 1980ರ ದಶಕದಲ್ಲಿ ಅರಣ್ಯಾಧಿಕಾರಿ ಎಸ್.ಜಿ. ನೇಗಿನಹಾಳ್ ಬೆಂಗಳೂರನ್ನು ಮತ್ತೆ ಹಸಿರು ಮಾಡುವ ಕೆಲಸ ಕೈಗೆತ್ತಿಕೊಂಡರು. ಸುಮಾರು 15 ಲಕ್ಷ ಗಿಡಗಳನ್ನು ನೆಡಿಸಿದ ಹಿರಿಮೆ ಅವರದು. ರಸ್ತೆಬದಿಯಲ್ಲಿ ಗಿಡ ನೆಡುವುದು ಫೋಟೊ ತೆಗೆಸಿಕೊಳ್ಳುವಷ್ಟು ಸುಲಭವಲ್ಲ. ಗುಣಿ ಆಳವಾಗಿ ತೆಗೆದು, ಜಲ್ಲಿಕಲ್ಲು ಹೊರಹಾಕಿ ಕೆಮ್ಮಣ್ಣು, ಗೊಬ್ಬರ ತುಂಬಬೇಕು. ದನ ಮೇಯದಷ್ಟು ಎತ್ತರದ ಸಸಿ, ಸುತ್ತ ಬೇಲಿ, ಆನಿಸಿ ಕಟ್ಟಲು ಗೂಟ ಬೇಕು. ಎಲ್ಲಕ್ಕಿಂತ ಮಿಗಿಲಾಗಿ ಮೊದಲ ಎರಡು ಮೂರು ಬೇಸಿಗೆ ತಪ್ಪದೆ ನೀರು ಬೇಕು. ಇಂದು ಮೊಬೈಲಿನಲ್ಲಿ ಹರಿದಾಡುವ ನಸುಗೆಂಪು ಬೀದಿಗಳ ಚಿತ್ರಗಳಲ್ಲಿ ಹೆಚ್ಚಿನವು ಕೃಂಬಿಗಲ್ ಕಾಲದವಲ್ಲ, ನೇಗಿನಹಾಳರ ಕಾಲದಲ್ಲಿ ಬೇರೂರಿದ ಮರಗಳವು. ಅವರು 2021ರಲ್ಲಿ ತೀರಿಕೊಂಡರು. ಅಷ್ಟರಲ್ಲಿ ಆ ಮರಗಳು ಮೈತುಂಬ ಹೂ ಬಿಡುವುದನ್ನು ಹಲವು ವಸಂತಗಳಲ್ಲಿ ಕಂಡಿದ್ದರು. ಇಂಥ ಭಾಗ್ಯ ಮರ ನೆಟ್ಟ ಎಲ್ಲರಿಗೂ ಸಿಗುವುದಿಲ್ಲ.

ಬೀದಿಯ ಮರ ಉಳಿದಷ್ಟು ಹಿತ್ತಲು ಉಳಿಯಲಿಲ್ಲ. ಬಸವನಗುಡಿ, ಮಲ್ಲೇಶ್ವರದ ಒಂಟಿ ಮನೆಗಳ ಜಾಗದಲ್ಲಿ ಅಪಾರ್ಟ್‌ಮೆಂಟುಗಳು ಎದ್ದವು. ಅಂಗಳ ಕಾರಿನ ಪಾಲಾಯಿತು, ಹಿತ್ತಲು ಸಂಪಿನ ಪಾಲಾಯಿತು. ಧರ್ಮಾಂಬುಧಿ ಕೆರೆಯಿದ್ದಲ್ಲಿ ಮೆಜೆಸ್ಟಿಕ್ ಬಸ್ ನಿಲ್ದಾಣ ಬಂತು. ಸಿದ್ದಿಕಟ್ಟೆ ಇದ್ದಲ್ಲಿ 1921ರಲ್ಲೇ ಕೃಷ್ಣರಾಜ ಮಾರುಕಟ್ಟೆ ಎದ್ದಿತ್ತು. ಒಂದು ಕಾಲಕ್ಕೆ ಊರ ಸುತ್ತಲೇ ಬೆಳೆಯುತ್ತಿದ್ದ ಮಲ್ಲಿಗೆ, ಕನಕಾಂಬರ ಈಗ ಆ ಮಾರುಕಟ್ಟೆಗೆ ದೂರದ ಜಿಲ್ಲೆಗಳಿಂದ, ನೆರೆಯ ತಮಿಳುನಾಡಿನಿಂದ ರಾತ್ರಿಯ ಲಾರಿಗಳಲ್ಲಿ ಬರುತ್ತವೆ.

ನೆಲ ಹೋದವರು ತಾರಸಿ ಹತ್ತಿದರು. ಕೃಷಿ ವಿಜ್ಞಾನಿ ಬಿ.ಎನ್. ವಿಶ್ವನಾಥ್ ಸಾವಯವ ತಾರಸಿ ತೋಟದ ಪಾಠ ಹೇಳುತ್ತ ನೂರಾರು ಮನೆಗಳನ್ನು ಈ ಹಾದಿಗೆ ತಂದರು. ಹಳೆಯ ಬಕೆಟ್, ಬಣ್ಣದ ಡಬ್ಬ, ಗೋಣಿಚೀಲಗಳಲ್ಲಿ ಟೊಮೆಟೊ, ಬದನೆ, ಬಸಳೆ, ಪುದೀನ ಬೆಳೆಯತೊಡಗಿದವು. ಅಡುಗೆಮನೆಯ ಸಿಪ್ಪೆಸೊಪ್ಪು ಮಡಕೆಯಲ್ಲಿ ಗೊಬ್ಬರವಾಗತೊಡಗಿತು. ಹಿತ್ತಲಿನ ಪಂಚಾಂಗ ಇಲ್ಲಿ ಸ್ವಲ್ಪ ಬದಲಾಗಿದೆ. ಕಾಂಕ್ರೀಟಿನ ಮೇಲೆ ಮಾರ್ಚ್ ಬಿಸಿಲು ನೆಲದ ಮೇಲಿಗಿಂತ ಬೇಗ ಸುಡುತ್ತದೆ, ಕುಂಡದ ಮಣ್ಣು ಬೆಳಿಗ್ಗೆಯಿಂದ ಸಂಜೆಗೇ ಒಣಗುತ್ತದೆ. ಅನುಭವಸ್ಥರು ಶಿವರಾತ್ರಿಗೂ ಮೊದಲೇ ಕುಂಡಗಳನ್ನು ಒತ್ತಾಗಿ ಜೋಡಿಸಿ, ಮಣ್ಣಿಗೆ ಒಣ ಎಲೆ ಹೊದಿಸಿ, ಮೇಲೆ ಹಸಿರು ಬಲೆ ಕಟ್ಟಿಬಿಡುತ್ತಾರೆ.

2024ರ ವಸಂತ ಈ ಚರಿತ್ರೆಯನ್ನು ಮತ್ತೆ ನೀರಿನ ಹತ್ತಿರಕ್ಕೇ ತಂದು ನಿಲ್ಲಿಸಿತು. ಹಿಂದಿನ ವರ್ಷ ಮಳೆ ಕೈಕೊಟ್ಟು ಸಾವಿರಾರು ಕೊಳವೆಬಾವಿಗಳು ಬತ್ತಿದವು. ಆ ಮಾರ್ಚ್‌ನಲ್ಲಿ ಜಲಮಂಡಳಿ ಕುಡಿಯುವ ನೀರನ್ನು ಕಾರು ತೊಳೆಯುವುದಕ್ಕೂ ಕೈತೋಟಕ್ಕೂ ಬಳಸಬಾರದೆಂದು ಆದೇಶ ಹೊರಡಿಸಿತು. ಮೀರಿದರೆ 5,000 ರೂಪಾಯಿ ದಂಡ. ತಬೂಬಿಯಾ ಬೀದಿಗಳು ಎಂದಿನಂತೆ ಅರಳಿ ನಿಂತಿದ್ದಾಗ ಅವುಗಳ ಕೆಳಗೆ ಟ್ಯಾಂಕರುಗಳು ಓಡಾಡುತ್ತಿದ್ದವು. ಬಾಲ್ಕನಿ ತೋಟದವರು ಅಕ್ಕಿ ತೊಳೆದ ನೀರು, ತರಕಾರಿ ತೊಳೆದ ನೀರು, ಫಿಲ್ಟರ್ ಹೊರಚೆಲ್ಲುವ ನೀರನ್ನೆಲ್ಲ ಬಕೆಟ್ಟಿನಲ್ಲಿ ಹಿಡಿದು ಕರಿಬೇವಿಗೂ ಮಲ್ಲಿಗೆಗೂ ಹಾಕಿದರು. ಅಪಾರ್ಟ್‌ಮೆಂಟುಗಳು ಸಂಸ್ಕರಿಸಿದ ನೀರನ್ನು ತೋಟಕ್ಕೆ ಹರಿಸತೊಡಗಿದವು.

ಲಾಲ್‌ಬಾಗ್, ಕಬ್ಬನ್ ಪಾರ್ಕುಗಳಲ್ಲಿ ಈ ಪದ್ಧತಿ ಇನ್ನೂ ಮುಂಚಿನದು. ಊರಿನ ಕೊಳಚೆ ನೀರನ್ನು ಅಲ್ಲಿಯೇ ಶುದ್ಧೀಕರಿಸಿ ಹುಲ್ಲಿಗೂ ಮರಗಳಿಗೂ ಉಣಿಸುವ ಘಟಕಗಳು ಎರಡೂ ಕಡೆ ಇವೆ. ಮಿಂದ ನೀರು ಬಾಳೆಯ ಬುಡಕ್ಕೆ ಹೋಗಬೇಕೆಂದು ಬಚ್ಚಲಿಗೆ ಮೋರಿ ತೋಡಿದ್ದ ಹೆಂಗಸರ ಲೆಕ್ಕಾಚಾರವೇ ಈಗ ಉದ್ಯಾನದ ಪ್ರಮಾಣಕ್ಕೆ ಬೆಳೆದಿದೆ. ಬಡಾವಣೆಯ ಪಾರ್ಕುಗಳಿಗೂ ಹೊಸ ಸಾಲುಮರಗಳಿಗೂ ಇದೇ ನೀರು ತಲುಪುವಂತಾದರೆ, ಇನ್ನು ಮುಂದೆ ನೆಡುವ ಸಸಿಗಳು ಕುಡಿಯುವ ನೀರಿಗೆ ಪೈಪೋಟಿ ಮಾಡದೆ ತಮ್ಮ ಮೊದಲ ಮೂರು ಬೇಸಿಗೆಗಳನ್ನು ದಾಟಬಲ್ಲವು.